ಅಥೆನ್ಸಿಗೆ ಗೂಬೆ ತಂದವರು ಯಾರು? ಒಂದು ಗಾದೆಯ ಪ್ರಕರಣ

ಕನ್ನಡದಲ್ಲಿ ಗೂಬೆಗೆ ಒಳ್ಳೆಯ ಹೆಸರಿಲ್ಲ. ಮನೆಯೊಳಗೆ ಗೂಬೆ ಹೊಕ್ಕರೆ ಬೀಗ ಹಾಕಿಕೊಂಡು ಕೆಲವು ತಿಂಗಳು ಬೇರೆ ಕಡೆ ಇದ್ದು ಬರುವ ಪದ್ಧತಿ ಹಳ್ಳಿಗಳಲ್ಲಿತ್ತು. ಮಾಡದ ತಪ್ಪನ್ನು ಯಾರಿಗಾದರೂ ಅಂಟಿಸಿದರೆ ‘ಅವನ ತಲೆ ಮೇಲೆ ಗೂಬೆ ಕೂರಿಸಿದರು’ ಅನ್ನುತ್ತೇವೆ. ಮಂಕಾಗಿ ಕೂತ ಹುಡುಗನಿಗೆ ‘ಗೂಬೆ ಥರ ಕೂತಿದ್ದೀಯಲ್ಲೋ’ ಎಂದು ಬೈಗುಳ. ಹೀಗಿರುವಾಗ ‘ಅಥೆನ್ಸಿಗೆ ಗೂಬೆ ಒಯ್ಯುವುದು’ ಅಂದರೆ ನಮ್ಮ ಕಿವಿಗೆ ಯಾವುದೋ ಊರಿಗೆ ಅಪಶಕುನ ಹೊತ್ತುಕೊಂಡು ಹೋದ ಹಾಗೆ ಕೇಳಿಸುತ್ತದೆ. ಗ್ರೀಕರ ಅರ್ಥ ಅದಲ್ಲ. ಎಲ್ಲಿ ಬೇಕಾದಷ್ಟು ಬಿದ್ದಿದೆಯೋ ಅಲ್ಲಿಗೇ ಅದೇ ವಸ್ತುವನ್ನು ಮೈ ನೋಯಿಸಿಕೊಂಡು ಹೊತ್ತು ಹೋಗುವ ದಂಡದ ಕೆಲಸಕ್ಕೆ ಅವರು ಹಾಗೆ ಹೇಳುತ್ತಿದ್ದರು.

ಇಂಗ್ಲಿಷಿನಲ್ಲಿ ಇದೇ ಮಾತು ‘ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ಸಾಗಿಸುವುದು’ ಎಂದಾಗಿದೆ. ಹೈಸ್ಕೂಲಿನ ಇಂಗ್ಲಿಷ್ ವ್ಯಾಕರಣದ ಕೊನೆಯ ಪುಟಗಳಲ್ಲಿ ಅದನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಕನ್ನಡದಲ್ಲಿ ಅದಕ್ಕೆ ಜೋಡಿ ಹುಡುಕಿದರೆ ವ್ಯರ್ಥ ಶ್ರಮದ ಗಾದೆಗಳೇನೋ ಸಾಲುಗಟ್ಟಿ ಬರುತ್ತವೆ: ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ, ಗೋರ್ಕಲ್ಲ ಮೇಲೆ ಮಳೆ ಸುರಿದಂತೆ, ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಆದರೆ ಒಂದೂ ಸರಿಯಾಗಿ ಕೂರುವುದಿಲ್ಲ. ಹೊಳೆಯಲ್ಲಿ ಇದ್ದ ಹುಳಿಯೂ ಹೋಗುತ್ತದೆ, ಕಲ್ಲು ನೀರನ್ನು ಹೀರುವುದಿಲ್ಲ, ಕೋಣಕ್ಕೆ ಸಂಗೀತ ತಿಳಿಯುವುದಿಲ್ಲ. ಗೂಬೆಯ ಗಾದೆಯಲ್ಲಿ ಸರಕೂ ಚೊಕ್ಕವಾಗಿದೆ, ಪಡೆಯುವವನಿಗೆ ಅದರ ಬೆಲೆಯೂ ಗೊತ್ತು. ಅವನ ಮನೆಯಲ್ಲಿ ಅದು ಆಗಲೇ ತುಂಬಿ ತುಳುಕುತ್ತಿದೆ ಅನ್ನುವುದಷ್ಟೇ ಅಡ್ಡಿ. ‘ಮೀನಿಗೆ ಈಜು ಕಲಿಸಿದ ಹಾಗೆ’ ಅನ್ನುವುದು ಸ್ವಲ್ಪ ಹತ್ತಿರ ಬರುತ್ತದೆ.

ಅಂದರೆ ಈ ಗಾದೆ ನಿಂತಿರುವುದು ಒಂದು ದಾಸ್ತಾನಿನ ಲೆಕ್ಕದ ಮೇಲೆ. ಆ ಊರಲ್ಲಿ ಗೂಬೆ ಸಾಕಷ್ಟು ಇದ್ದರೆ ಮಾತು ನಿಜ, ಇಲ್ಲದಿದ್ದರೆ ಸುಳ್ಳು. ಈ ಪ್ರಕರಣದಲ್ಲಿ ನೋಡಬೇಕೆಂದಿರುವುದು ಆ ಲೆಕ್ಕವನ್ನೇ. ಗಾದೆ ದಾಖಲೆಯಲ್ಲಿ ಮೊದಲು ಕಾಣಿಸುವ ಕ್ರಿ.ಪೂ. 414ರಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಎಂಟು ವರ್ಷ ತುಂಬುವಷ್ಟರಲ್ಲಿ ಅಥೆನ್ಸಿನಲ್ಲಿ ಗೂಬೆಗೆ ಬರ ಬಂದಿತ್ತು. ವಿಚಿತ್ರವೆಂದರೆ ಆ ಸಮೃದ್ಧಿಗೂ ಈ ಬರಕ್ಕೂ ಸಾಕ್ಷಿ ಹೇಳುವವನು ಒಬ್ಬನೇ ನಾಟಕಕಾರ, ಅರಿಸ್ಟೋಫನೀಸ್.

301ನೇ ಸಾಲು

ಕ್ರಿ.ಪೂ. 414ರ ವಸಂತ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿರುವ ಡಯೊನೈಸಸ್ ರಂಗಮಂದಿರದಲ್ಲಿ ‘ಹಕ್ಕಿಗಳು’ ಎಂಬ ಪ್ರಹಸನ ನಡೆಯುತ್ತಿದೆ. ಅಥೆನ್ಸಿನ ಕೋರ್ಟು ಕಚೇರಿಗಳ ಕಾಟಕ್ಕೆ ಬೇಸತ್ತ ಇಬ್ಬರು ಮುದುಕರು ಊರು ಬಿಟ್ಟು ಕಾಡು ಸೇರಿ, ಹಕ್ಕಿಗಳನ್ನು ಒಪ್ಪಿಸಿ ಆಕಾಶದಲ್ಲಿ ಹೊಸ ನಗರ ಕಟ್ಟುವ ಕತೆ. ಮೇಳದ 24 ಹಕ್ಕಿಗಳು ಒಂದೊಂದಾಗಿ ರಂಗಕ್ಕೆ ಬರುತ್ತವೆ. ಒಬ್ಬ ಹೆಸರು ಹೇಳುತ್ತಾ ಹೋಗುತ್ತಾನೆ: ಇದು ಇಂಥ ಹಕ್ಕಿ, ಅದು ಅಂಥ ಹಕ್ಕಿ. 301ನೇ ಸಾಲಿನಲ್ಲಿ ಗೂಬೆ ಕಾಣಿಸುತ್ತದೆ. ಮುದುಕರಲ್ಲೊಬ್ಬ ಬೆಚ್ಚಿದವನಂತೆ ಕೇಳುತ್ತಾನೆ, ಏನಂದೆ, ಅಥೆನ್ಸಿಗೆ ಗೂಬೆ ತಂದವರು ಯಾರು?

ಜನ ನಕ್ಕಿದ್ದಕ್ಕೆ ಕಾರಣ ಎರಡು. ಕತೆ ನಡೆಯುತ್ತಿರುವುದು ಊರಾಚೆಯ ಕಾಡಿನಲ್ಲಿ. ಆದರೆ ನಟನೂ ಪ್ರೇಕ್ಷಕರೂ ಕೂತಿರುವುದು ಅಥೆನ್ಸಿನಲ್ಲಿ ಅನ್ನುವುದನ್ನು ಅವನು ಒಂದು ಗಳಿಗೆ ಬಯಲು ಮಾಡಿಬಿಡುತ್ತಾನೆ. ನಮ್ಮ ಬಯಲಾಟದ ಹಾಸ್ಯಗಾರ ಕತೆಯ ನಡುವೆ ಊರ ಗೌಡರ ಹೆಸರು ಎತ್ತಿ ಚಪ್ಪಾಳೆ ಗಿಟ್ಟಿಸುವ ಹಾಗೆ. ಎರಡನೆಯದು, ಗಾದೆ ಅವರಿಗೆ ಆಗಲೇ ಗೊತ್ತಿತ್ತು. ವಿವರಣೆಯೇ ಇಲ್ಲದೆ ಒಂದು ಪ್ರಶ್ನೆಯಲ್ಲಿ ಮುಗಿಸಬಹುದಾದ ಮಾತು ಅಂದಿನ ಬಾಯಲ್ಲಿ ಚೆನ್ನಾಗಿ ಸವೆದದ್ದೇ ಇರಬೇಕು.

ಆ ಗೂಬೆ ಗೇಣುದ್ದದ ಪುಟ್ಟ ಜಾತಿ. ಬಂಡೆಯ ಸಂದು, ಹಳೆಯ ಗೋಡೆಯ ಬಿರುಕುಗಳಲ್ಲಿ ವಾಸ. ಅಥೀನಾ ದೇವತೆಯ ಹಕ್ಕಿ ಅದೇ, ಹಾಗಾಗಿ ಅದರ ಶಾಸ್ತ್ರೀಯ ಹೆಸರಿನ ಮೊದಲ ಪದ ‘ಅಥೀನ್’. ನಮ್ಮ ಹೊಲ, ಮಾವಿನ ತೋಪು, ಹಳೆ ಕಟ್ಟಡಗಳಲ್ಲಿರುವ ಚುಕ್ಕೆ ಮೈಯ ಹಾಲಕ್ಕಿ ಕೂಡ ಅದೇ ಕುಲದ್ದು, ‘ಅಥೀನ್ ಬ್ರಾಮಾ’. ಬುಡುಬುಡಿಕೆಯವನು ಬೆಳಗಿನ ಜಾವ ಬಾಗಿಲಿಗೆ ಬಂದು ‘ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ’ ಅನ್ನುವಾಗ ಗ್ರೀಕ್ ದೇವತೆಯ ಹಕ್ಕಿಯ ದಾಯಾದಿಯನ್ನೇ ಕರೆದಿರುತ್ತಾನೆ. ದೊಡ್ಡ ಗೂಬೆಯನ್ನು ಕಂಡರೆ ಹೆದರುವ ನಾವು ಈ ಪುಟ್ಟದರ ಬಾಯಿಂದ ಮಾತ್ರ ಒಳ್ಳೆಯದನ್ನು ಕೇಳಿಸಿಕೊಳ್ಳುತ್ತೇವೆ.

ಹಾಗಾದರೆ ಗಾದೆಯ ಗೂಬೆ ಹಕ್ಕಿಯೋ, ಗೂಬೆಯ ಚಿತ್ರವಿದ್ದ ಅಥೆನ್ಸಿನ ಬೆಳ್ಳಿ ನಾಣ್ಯವೋ? ಹಳೆಯ ಟೀಕಾಕಾರರು ಎರಡೂ ವಿವರಣೆ ಕೊಟ್ಟಿದ್ದಾರೆ. 301ನೇ ಸಾಲಿನಲ್ಲಿ ಬರುವುದು ರೆಕ್ಕೆಯ ಗೂಬೆಯೇ, ಸಂಶಯ ಬೇಡ. ಆದರೆ ಅದೇ ನಾಟಕ ಇನ್ನೂ ಎಂಟುನೂರು ಸಾಲು ಮುಂದೆ ಹೋದ ಮೇಲೆ ಮೇಳದ ಹಕ್ಕಿಗಳು ಸ್ಪರ್ಧೆಯ ತೀರ್ಪುಗಾರರಿಗೆ ನೇರವಾಗಿ ಆಮಿಷ ಒಡ್ಡುತ್ತವೆ. ನಮಗೆ ಬಹುಮಾನ ಕೊಟ್ಟರೆ ಲಾರಿಯನ್ ಗೂಬೆಗಳು ನಿಮ್ಮ ಮನೆ ಬಿಟ್ಟು ಹೋಗವು, ನಿಮ್ಮ ಹಣದ ಚೀಲದಲ್ಲೇ ಗೂಡು ಕಟ್ಟಿ ಚಿಲ್ಲರೆಯ ಮರಿ ಮಾಡುತ್ತವೆ ಎಂದು. ಲಾರಿಯನ್ ಅಂದರೆ ಅಥೆನ್ಸಿನ ಬೆಳ್ಳಿ ಗಣಿಗಳ ಜಾಗ. ಇದು ರೆಕ್ಕೆಯ ಗೂಬೆಯಲ್ಲ, ಬೆಳ್ಳಿಯದು. ಒಂದೇ ಆಟದಲ್ಲಿ ಒಂದೇ ಜನಕ್ಕೆ ಎರಡೂ ಗೂಬೆಗಳನ್ನು ತೋರಿಸಿ ನಗಿಸಿದ ಮೇಲೆ ಅವೆರಡನ್ನು ಬೇರ್ಪಡಿಸುವ ಗೋಜು ನಮಗೇಕೆ? ಅಂದಹಾಗೆ ಆಮಿಷ ಫಲಿಸಲಿಲ್ಲ, ನಾಟಕಕ್ಕೆ ಬಂದದ್ದು ಎರಡನೆಯ ಬಹುಮಾನ.

ಚೀಲದೊಳಗೆ ಎಷ್ಟಿದ್ದವು

ಅಥೆನ್ಸಿನ ನಾಲ್ಕು ಡ್ರಾಕ್ಮಾದ ನಾಣ್ಯ 17 ಗ್ರಾಂಗೆ ಸ್ವಲ್ಪ ಮೇಲೆ ತೂಗುವ ಗಟ್ಟಿ ಬೆಳ್ಳಿ. ಒಂದು ಕಡೆ ಅಥೀನಾಳ ಮುಖ, ಇನ್ನೊಂದು ಕಡೆ ಆಲಿವ್ ಚಿಗುರಿನ ಪಕ್ಕ ಕಣ್ಣರಳಿಸಿ ನೋಡುವ ಗೂಬೆ. ಜನ ಅದನ್ನು ‘ಗೂಬೆ’ ಎಂದೇ ಕರೆಯುತ್ತಿದ್ದರು. ಕುಶಲಕರ್ಮಿಯ ದಿನದ ಕೂಲಿ ಒಂದು ಡ್ರಾಕ್ಮಾ ಇದ್ದ ಕಾಲದಲ್ಲಿ ಒಂದು ಗೂಬೆ ಎಂದರೆ ನಾಲ್ಕು ದಿನದ ದುಡಿಮೆ.

ಕ್ರಿ.ಪೂ. 431ರಲ್ಲಿ ಸ್ಪಾರ್ಟಾದೊಡನೆ ಯುದ್ಧ ಶುರುವಾಗುವಾಗ ಅಕ್ರೊಪೊಲಿಸ್‌ನ ಖಜಾನೆಯಲ್ಲಿ 6,000 ಟ್ಯಾಲೆಂಟ್ ನಾಣ್ಯ ಇತ್ತೆಂದು ಅಥೆನ್ಸಿನ ನಾಯಕ ಪೆರಿಕ್ಲಿಸ್ ಜನರಿಗೆ ಧೈರ್ಯ ಹೇಳಿದನೆಂದು ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಒಂದು ಟ್ಯಾಲೆಂಟ್‌ಗೆ 6,000 ಡ್ರಾಕ್ಮಾ. ಅಷ್ಟೂ ನಾಲ್ಕು ಡ್ರಾಕ್ಮಾದ ನಾಣ್ಯವೇ ಅಂದುಕೊಂಡರೆ 90 ಲಕ್ಷ ಗೂಬೆಗಳು, ಸುಮಾರು 155 ಟನ್ ಬೆಳ್ಳಿ. ಇಷ್ಟಿರುವ ಊರಿಗೆ ಇನ್ನೊಂದು ಗೂಬೆ ಹೊತ್ತು ತಂದವನನ್ನು ನೋಡಿ ನಗದೆ ಇರಲಾದೀತೆ?

ಈ ಬೆಳ್ಳಿಯೆಲ್ಲ ಆಕಾಶದಿಂದ ಬಿದ್ದದ್ದಲ್ಲ. ಸಾಮ್ರಾಜ್ಯದ ಅಧೀನ ನಗರಗಳಿಂದ ಬರುವ ಕಪ್ಪ ಒಂದು ಮೂಲ. ಇನ್ನೊಂದು ನಾಡಿನ ಆಗ್ನೇಯ ಮೂಲೆಯ ಲಾರಿಯನ್ ಗಣಿಗಳು. ಅಲ್ಲಿ ಕ್ರಿ.ಪೂ. 483ರ ಸುಮಾರಿಗೆ ಭರ್ಜರಿ ಸಿರೆಯೊಂದು ಸಿಕ್ಕಿತು. ತಲೆಗೆ ಹತ್ತು ಡ್ರಾಕ್ಮಾದಂತೆ ಹಂಚಿಬಿಡೋಣ ಎಂದು ಜನ ಲೆಕ್ಕ ಹಾಕುತ್ತಿದ್ದಾಗ ಮುಂದಾಳು ಥೆಮಿಸ್ಟೊಕ್ಲಿಸ್ ಅಡ್ಡ ಬಂದು ಆ ಹಣದಲ್ಲಿ ಯುದ್ಧನೌಕೆ ಕಟ್ಟಿಸಿದ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಆ ಹಡಗುಗಳ ಬಲದಿಂದ.

ಲಾರಿಯನ್ನಿನ ಅದಿರು ಬೆಳ್ಳಿಯಲ್ಲ, ಸೀಸ. ಬೆಳ್ಳಿ ಅದರೊಳಗೆ ಉಪ್ಪಿನಷ್ಟು ಬೆರೆತಿರುತ್ತದೆ. ಕಿರಿದಾದ ಸುರಂಗಗಳಲ್ಲಿ ಬಗ್ಗಿ, ತೆವಳಿ ಅಗೆಯಬೇಕು. ಮೇಲೆ ತಂದು ಕುಟ್ಟಿ ಪುಡಿ ಮಾಡಬೇಕು. ಮಳೆಯೇ ಅಪರೂಪವಾದ ಆ ಗುಡ್ಡಗಳಲ್ಲಿ ತೊಟ್ಟಿ ಕಟ್ಟಿ ಕೂಡಿಟ್ಟ ನೀರನ್ನು ಇಳಿಜಾರು ಕಲ್ಲುಹಾಸಿನ ಮೇಲೆ ಹರಿಸಿ, ಭಾರದ ಅದಿರು ಕೆಳಗೆ ನಿಲ್ಲುವಂತೆ ತೊಳೆಯಬೇಕು. ನೀರನ್ನು ವ್ಯರ್ಥ ಮಾಡದೆ ಸುತ್ತು ಹಾಕಿಸಿ ಮತ್ತೆ ಬಳಸಬೇಕು. ಕುಲುಮೆಯಲ್ಲಿ ಕರಗಿಸಿ, ಕೊನೆಗೆ ಗಾಳಿ ಊದಿ ಸೀಸವನ್ನು ಸುಟ್ಟು ಬೇರ್ಪಡಿಸಿದರೆ ಮೂಸೆಯಲ್ಲಿ ಉಳಿಯುವುದು ಒಂದು ಗುಂಡಿಯಷ್ಟು ಬೆಳ್ಳಿ. ಇಷ್ಟನ್ನೂ ಮಾಡುತ್ತಿದ್ದವರು ಗುಲಾಮರು.

ಗುಲಾಮರು ಬಾಡಿಗೆಗೂ ಸಿಗುತ್ತಿದ್ದರು. ನಿಸಿಯಸ್ ಎಂಬ ಸೇನಾಪತಿ 1,000 ಮಂದಿಯನ್ನು ತಲೆಗೆ ದಿನಕ್ಕೊಂದು ಓಬಲ್‌ನಂತೆ ಗಣಿಗೆ ಬಾಡಿಗೆಗೆ ಬಿಟ್ಟಿದ್ದನೆಂದು ಗ್ರೀಕ್ ಲೇಖಕ ಕ್ಸೆನೊಫೋನ್ ಬರೆದಿದ್ದಾನೆ. ಡ್ರಾಕ್ಮಾಗೆ ಆರು ಓಬಲ್. ಅಂದರೆ ನಿಸಿಯಸ್‌ನ ಚೀಲಕ್ಕೆ ಕೂತಲ್ಲೇ ದಿನಕ್ಕೆ 41 ಗೂಬೆಗಳು ಹಾರಿ ಬರುತ್ತಿದ್ದವು. ಅಥೆನ್ಸಿಗೆ ಗೂಬೆ ಹೊತ್ತು ತರುವುದು ವ್ಯರ್ಥವೆಂದು ನಕ್ಕವರು, ಅದೇ ಕ್ಷಣದಲ್ಲಿ ಗೂಬೆಯನ್ನು ಹೊತ್ತು ತರುತ್ತಲೇ ಇದ್ದ ಈ ಸಾವಿರಾರು ಜನರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದು ಒಬ್ಬನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು, ಮತ್ತು ಅವನು ಊರು ಬಿಟ್ಟಾಗಿತ್ತು.

ಊರು ಬಿಟ್ಟವನ ಸಲಹೆ

ಆಲ್ಸಿಬಯಡೀಸ್ ಅಥೆನ್ಸಿನ ದೊಡ್ಡ ಮನೆತನದವನು. ಕ್ರಿ.ಪೂ. 415ರಲ್ಲಿ ಸಿಸಿಲಿಯ ಮೇಲೆ ದಂಡೆತ್ತಿ ಹೋಗುವಂತೆ ಜನರನ್ನು ಹುರಿದುಂಬಿಸಿದವನೂ ಅವನೇ. ದೇವದ್ರೋಹದ ಆರೋಪ ಮೈಮೇಲೆ ಬಂದಾಗ ತಪ್ಪಿಸಿಕೊಂಡು ಶತ್ರುಗಳಾದ ಸ್ಪಾರ್ಟನ್ನರನ್ನು ಸೇರಿಕೊಂಡ. ಆ ಚಳಿಗಾಲ ಅವರ ಮುಂದೆ ಅವನು ಮಾಡಿದ ಭಾಷಣ ಥುಸಿಡಿಡೀಸ್‌ನಲ್ಲಿದೆ. ಅಥೆನ್ಸಿನಿಂದ 20 ಕಿಲೋಮೀಟರಿಗೆ ತುಸು ದೂರದ ಡೆಕೆಲಿಯಾದಲ್ಲಿ ಕೋಟೆ ಕಟ್ಟಿ ಕೂತುಬಿಡಿ, ಲಾರಿಯನ್ ಗಣಿಯ ಆದಾಯ ಒಂದೇ ಏಟಿಗೆ ನಿಲ್ಲುತ್ತದೆ ಎಂದು ಅವನು ಹೇಳಿಕೊಟ್ಟ.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಸಲಹೆ ಹೋದದ್ದು ಕ್ರಿ.ಪೂ. 415–414ರ ಚಳಿಗಾಲದಲ್ಲಿ. ‘ಹಕ್ಕಿಗಳು’ ರಂಗಕ್ಕೆ ಬಂದದ್ದು ಅದರ ಬೆನ್ನಿಗೇ ಬಂದ ವಸಂತದಲ್ಲಿ. ಪ್ರೇಕ್ಷಕರು ಲಾರಿಯನ್ ಗೂಬೆಗಳ ಹಾಸ್ಯಕ್ಕೆ ನಗುತ್ತಿದ್ದಾಗ ಆ ಗೂಬೆಗಳ ಗೂಡಿಗೆ ಕೈ ಹಾಕುವ ಉಪಾಯ ಶತ್ರುವಿನ ಕಿವಿ ಸೇರಿ ಕೆಲವು ತಿಂಗಳಾಗಿತ್ತು.

ಕ್ರಿ.ಪೂ. 413ರ ವಸಂತದಲ್ಲಿ ಸ್ಪಾರ್ಟಾದ ದೊರೆ ಏಜಿಸ್ ಡೆಕೆಲಿಯಾದಲ್ಲಿ ಕೋಟೆ ಕಟ್ಟಿಸಿದ. ಹಿಂದೆಲ್ಲ ಸ್ಪಾರ್ಟನ್ನರು ಬೇಸಿಗೆಯಲ್ಲಿ ಬಂದು ಬೆಳೆ ಸುಟ್ಟು ಹೋಗುತ್ತಿದ್ದರು, ಹಾಗಾಗಿ ವರ್ಷದ ಉಳಿದ ತಿಂಗಳು ಕೆಲಸ ಸಾಗುತ್ತಿತ್ತು. ಈಗ ವರ್ಷವಿಡೀ ಅಲ್ಲೇ ಠಿಕಾಣಿ. 20,000ಕ್ಕೂ ಹೆಚ್ಚು ಗುಲಾಮರು ಓಡಿಹೋದರು, ಅವರಲ್ಲಿ ಬಹುಪಾಲು ಕೈಕಸುಬು ಬಲ್ಲವರು ಎನ್ನುತ್ತಾನೆ ಥುಸಿಡಿಡೀಸ್. ಗಣಿಯ ಸುರಂಗ ಬಿಟ್ಟು ಓಡಿದವರು ಅವರಲ್ಲಿ ಇದ್ದೇ ಇರುತ್ತಾರೆ, ಯಾರು ತಾನೇ ಅಲ್ಲಿ ಇರಬಯಸಿಯಾರು? ಅದೇ ವರ್ಷ ಶರತ್ಕಾಲಕ್ಕೆ ಸಿಸಿಲಿಗೆ ಹೋದ ಸೇನೆ ಪೂರ್ತಿ ನಾಶವಾಯಿತು. ಸಾವಿರ ಗುಲಾಮರ ಒಡೆಯ ನಿಸಿಯಸ್ ಅಲ್ಲಿನ ಸೇನಾಪತಿ. ಅವನು ಗಿಲಿಪ್ಪಸ್ ಎಂಬ ಸ್ಪಾರ್ಟನ್ನನಿಗೆ ಶರಣಾಗಿ, ಸಿರಾಕ್ಯೂಸಿನಲ್ಲಿ ತಲೆ ಕೊಟ್ಟ. ಗಿಲಿಪ್ಪಸ್‌ನ ಹೆಸರು ನೆನಪಿರಲಿ, ಅವನೂ ಗೂಬೆಯ ಬಲೆಗೆ ಬೀಳುವವನೇ.

ಯುದ್ಧದ ಶುರುವಿನಲ್ಲಿ ಅಥೆನ್ಸಿನವರು 1,000 ಟ್ಯಾಲೆಂಟನ್ನು ಬೇರೆಯಾಗಿ ತೆಗೆದಿಟ್ಟಿದ್ದರು. ಶತ್ರುವಿನ ನೌಕಾಸೇನೆ ಊರಿಗೇ ಬಂದರೆ ಹೊರತು ಅದನ್ನು ಮುಟ್ಟೋಣ ಅಂದವನಿಗೆ ಮರಣದಂಡನೆ ಎಂದು ನಿಯಮ. ಕ್ರಿ.ಪೂ. 412ರಲ್ಲಿ ಆ ನಿಯಮವನ್ನು ತೆಗೆದುಹಾಕಿ ಗಂಟು ಬಿಚ್ಚಿದರು. ಅದೂ ಕರಗಿತು. ಕ್ರಿ.ಪೂ. 407–406ರಲ್ಲಿ ಅಕ್ರೊಪೊಲಿಸ್‌ನ ಚಿನ್ನದ ವಿಜಯದೇವತೆಗಳ ಪ್ರತಿಮೆಗಳನ್ನು ಕರಗಿಸಿ ನಾಣ್ಯ ಟಂಕಿಸಿದರು. ವಿಜಯವನ್ನೇ ಮೂಸೆಗೆ ಹಾಕಿದ ಮೇಲೆ ಇನ್ನೇನು ಉಳಿಯಿತು? ಬೆಳ್ಳಿಯ ಕತೆ ಇನ್ನೂ ಕೆಟ್ಟದು. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳು ಲೇಪ ಕೊಟ್ಟು ಅದರ ಮೇಲೆ ಅದೇ ಗೂಬೆಯನ್ನು ಒತ್ತಿದರು.

ಕ್ರಿ.ಪೂ. 405ರ ‘ಕಪ್ಪೆಗಳು’ ನಾಟಕದಲ್ಲಿ ಅರಿಸ್ಟೋಫನೀಸ್ ಈ ನಾಣ್ಯಗಳನ್ನು ರಂಗಕ್ಕೆ ಎಳೆದು ತರುತ್ತಾನೆ. ಟಣ್ ಎಂದು ಸದ್ದು ಮಾಡುವ, ಊರೂರಿನವರು ಪರೀಕ್ಷಿಸಿ ಮೆಚ್ಚಿದ ಹಳೆಯ ಬೆಳ್ಳಿಯನ್ನು ಬಿಟ್ಟು ನಿನ್ನೆ ಮೊನ್ನೆ ಒತ್ತಿದ ಕೆಟ್ಟ ತಾಮ್ರವನ್ನು ಬಳಸುತ್ತಿದ್ದೇವೆ, ಮನುಷ್ಯರ ವಿಚಾರದಲ್ಲೂ ಹೀಗೇ ಎಂದು ಮೇಳ ಊರನ್ನು ಬೈಯುತ್ತದೆ. ಒಂಬತ್ತು ವರ್ಷದ ಹಿಂದೆ ಚೀಲದಲ್ಲಿ ಗೂಬೆ ಗೂಡು ಕಟ್ಟುತ್ತದೆ ಎಂದು ಆಸೆ ತೋರಿಸಿದವನೇ ಇವನು. ಈ ಸಲ ಮೊದಲ ಬಹುಮಾನ ಬಂತು.

ಇನ್ನೂ ಮುಂದೆ, ಸುಮಾರು ಕ್ರಿ.ಪೂ. 391ರಲ್ಲಿ, ಹೆಂಗಸರು ಸರ್ಕಾರ ಹಿಡಿಯುವ ಇನ್ನೊಂದು ಪ್ರಹಸನದಲ್ಲಿ ಒಬ್ಬ ತನ್ನ ಪಾಡು ಹೇಳಿಕೊಳ್ಳುತ್ತಾನೆ. ದ್ರಾಕ್ಷಿ ಮಾರಿ ಬಂದ ತಾಮ್ರದ ಕಾಸನ್ನು ದವಡೆಯ ತುಂಬ ಇಟ್ಟುಕೊಂಡು (ಚಿಲ್ಲರೆಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಅವರ ರೂಢಿ) ಸಂತೆಗೆ ಹಿಟ್ಟು ತರಲು ಹೋದನಂತೆ. ಚೀಲ ಬಾಯಿ ತೆರೆದು ಹಿಡಿದಿದ್ದಾನೆ, ಅಷ್ಟರಲ್ಲಿ ಡಂಗುರದವನ ಕೂಗು: ಇನ್ನು ಯಾರೂ ತಾಮ್ರ ತೆಗೆದುಕೊಳ್ಳಬೇಡಿ, ಚಲಾವಣೆ ಬೆಳ್ಳಿಯದು ಮಾತ್ರ. 2016ರ ನವೆಂಬರ್ 8ರ ರಾತ್ರಿ ಟೀವಿ ಮುಂದೆ ಕೂತಿದ್ದ ನಮಗೆ ಆ ದ್ರಾಕ್ಷಿಯವನ ಮುಖವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಹೆಂಚಿನ ಕೆಳಗೆ

ಇತ್ತ ಅಥೆನ್ಸ್ ಕ್ರಿ.ಪೂ. 404ರಲ್ಲಿ ಶರಣಾಯಿತು. ಗೆದ್ದ ಸ್ಪಾರ್ಟನ್ ಸೇನಾಪತಿ ಲೈಸಾಂಡರ್ ಹಣದ ಮೂಟೆಗಳನ್ನು ಗಿಲಿಪ್ಪಸ್‌ನ ಕೈಯಲ್ಲಿ ಸ್ಪಾರ್ಟಾಕ್ಕೆ ಕಳಿಸಿದ. ಗಿಲಿಪ್ಪಸ್ ಮೂಟೆಗಳ ತಳದ ಹೊಲಿಗೆ ಬಿಚ್ಚಿ, ಒಂದೊಂದರಿಂದಲೂ ಒಂದಿಷ್ಟು ತೆಗೆದು, ಮತ್ತೆ ಹೊಲಿದು, ಕದ್ದದ್ದನ್ನು ತನ್ನ ಮನೆಯ ಹೆಂಚಿನ ಕೆಳಗೆ ಅಡಗಿಸಿಟ್ಟ. ಪ್ರತಿ ಮೂಟೆಯೊಳಗೆ ಮೊತ್ತ ಬರೆದ ಚೀಟಿ ಇರುವುದು ಅವನಿಗೆ ತಿಳಿದಿರಲಿಲ್ಲ. ಲೆಕ್ಕ ತಾಳೆಯಾಗದೆ ಅಧಿಕಾರಿಗಳು ತಲೆ ಕೆರೆದುಕೊಳ್ಳುತ್ತಿದ್ದಾಗ ಅವನ ಆಳು ಒಗಟಿನಲ್ಲಿ ಹೇಳಿದನಂತೆ, ಕೆರಮೈಕಸ್ ಕೆಳಗೆ ಬಹಳ ಗೂಬೆಗಳು ಮಲಗಿವೆ ಎಂದು. ಕೆರಮೈಕಸ್ ಅಥೆನ್ಸಿನ ಒಂದು ಬಡಾವಣೆ, ಹೆಂಚಿನ ಮಾಡು ಎಂಬ ಅರ್ಥವೂ ಆ ಮಾತಿಗೆ ಹೊಂದುತ್ತದೆ. ಕತೆ ಹೇಳಿದ, ಮುಂದಿನ ಕಾಲದ ಚರಿತ್ರೆಕಾರ ಪ್ಲುಟಾರ್ಕ್, ಅಂದಿನ ನಾಣ್ಯಗಳ ಮೇಲೆ ಹೆಚ್ಚಾಗಿ ಗೂಬೆಯೇ ಇರುತ್ತಿತ್ತೆಂದು ಓದುಗರಿಗೆ ಬಿಡಿಸಿ ಹೇಳುತ್ತಾನೆ. ನಿಸಿಯಸ್‌ನನ್ನು ಹಿಡಿದವನು ನಿಸಿಯಸ್‌ನಂಥವರ ಗೂಬೆಗಳಿಂದಲೇ ಮಾನ ಕಳೆದುಕೊಂಡು ದೇಶಾಂತರ ಹೋದ.

ಗಾದೆ ಮಾತ್ರ ಹೊರಟಿತು

ಊರಿನ ಲೆಕ್ಕ ಹೀಗೆ ತಲೆಕೆಳಗಾದರೂ ಗಾದೆಗೆ ಗಾಯವಾಗಲಿಲ್ಲ. ಕ್ರಿ.ಪೂ. 46ರಲ್ಲಿ ರೋಮಿನ ಸಿಸೆರೊ ಮಹಾ ಪಂಡಿತ ವಾರೊಗೆ ಪತ್ರ ಬರೆಯುತ್ತಾ, ಇವೆಲ್ಲ ಹುಟ್ಟುವುದೇ ನಿಮ್ಮ ಮನೆಯಲ್ಲಿ, ನಿಮಗೇ ಹೇಳಹೊರಟೆನಲ್ಲ ಎಂದು ಅಥೆನ್ಸಿನ ಗೂಬೆಯನ್ನು ಗ್ರೀಕಿನಲ್ಲೇ ನೆನೆಯುತ್ತಾನೆ. 1500ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಗ್ರೀಕ್ ಲ್ಯಾಟಿನ್ ಗಾದೆಗಳ ಸಂಗ್ರಹವನ್ನು ಅಚ್ಚು ಹಾಕಿಸಿದ. ಮುಂದೆ ಹಿಗ್ಗುತ್ತಾ ಹೋದ ಆ ಸಂಗ್ರಹದ ಮೂಲಕ ಗೂಬೆ ಯುರೋಪಿನ ಶಾಲೆಗಳಿಗೆಲ್ಲ ಹೊಕ್ಕಿತು. ಜರ್ಮನರು ಇಂದಿಗೂ ಗೂಬೆಯನ್ನೇ ಅಥೆನ್ಸಿಗೆ ಹೊರುತ್ತಾರೆ. ರಷ್ಯನ್ನರು ಸಮೋವಾರ್‌ಗೆ (ಚಹಾದ ನೀರು ಕಾಯಿಸುವ ಪಾತ್ರೆ) ಹೆಸರಾದ ತುಲಾ ಊರಿಗೆ ಸ್ವಂತ ಸಮೋವಾರ್ ಒಯ್ಯುತ್ತಾರೆ. ಇಂಗ್ಲಿಷರಲ್ಲಿ ಅಥೆನ್ಸಿನ ಗೂಬೆ ಓದಿದವರ ಬಾಯಲ್ಲಿ ಉಳಿಯಿತು, ಬೀದಿಯಲ್ಲಿ ಗೆದ್ದದ್ದು ಅದೇ ಅಚ್ಚಿನ ನ್ಯೂಕ್ಯಾಸಲ್ ಕಲ್ಲಿದ್ದಲು. 17ನೇ ಶತಮಾನದ ಹೊತ್ತಿಗೆ ಅದು ಪಕ್ಕಾ ಗಾದೆ.

ಅಲ್ಲೂ ಅದೇ ಕತೆ ಮರುಕಳಿಸಿದ್ದು ಸ್ವಾರಸ್ಯ. ಲಂಡನ್ನಿನ ಒಲೆಗಳನ್ನು ಶತಮಾನಗಳ ಕಾಲ ಉರಿಸಿದ, ನ್ಯೂಕ್ಯಾಸಲ್ ಇರುವ ಟೈನ್ ನದಿಯ ಬಂದರಿಗೆ 21ನೇ ಶತಮಾನದ ಮೊದಲ ದಶಕದಲ್ಲಿ ಹೊರದೇಶದ ಕಲ್ಲಿದ್ದಲು ಹಡಗಿನಲ್ಲಿ ಬಂದಿಳಿಯತೊಡಗಿತು. ಅದನ್ನು ತಂದವರಿಗೆ ಲಾಭವೇ ಆಗಿರಬೇಕು, ಇಲ್ಲದಿದ್ದರೆ ಯಾರು ತರುತ್ತಾರೆ?

ಕಟ್ಟೆಯ ಮೇಲೆ ಕೂತ ಪರೀಕ್ಷಕ

ಉಳಿದಿರುವ ಒಂದು ಸಾಕ್ಷಿ ಕಲ್ಲಿನದು. 1970ರಲ್ಲಿ ಅಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ಸಿಕ್ಕ ಶಾಸನ, ಕ್ರಿ.ಪೂ. 375–374ರ ಕಾನೂನು, ಮಂಡಿಸಿದವನು ನಿಕೊಫೋನ್. ಅಷ್ಟು ಹೊತ್ತಿಗೆ ಅಥೆನ್ಸಿನ ಟಂಕಸಾಲೆ ಮತ್ತೆ ಬೆಳ್ಳಿ ಗೂಬೆ ಒತ್ತುತ್ತಿತ್ತು. ಆದರೆ ಈಜಿಪ್ಟ್, ಸಿರಿಯಾ ಕಡೆ ಗೂಬೆಗೆ ಎಂಥ ಮರ್ಯಾದೆ ಬಂದಿತ್ತೆಂದರೆ ಅಲ್ಲಿನವರು ತಾವೇ ಅದೇ ಮುಖ, ಅದೇ ಹಕ್ಕಿ, ಅದೇ ಅಕ್ಷರ ಒತ್ತಿ ನಾಣ್ಯ ಮಾಡತೊಡಗಿದ್ದರು. ಕೆಲವು ಅಪ್ಪಟ ಬೆಳ್ಳಿ, ಕೆಲವು ಒಳಗೆ ತಾಮ್ರ. ವ್ಯಾಪಾರಿಗಳ ಚೀಲದಲ್ಲಿ ಅವೆಲ್ಲ ಪೇಟೆಗೆ ಬರುತ್ತಿದ್ದವು. ಗಾದೆ ಯಾವುದನ್ನು ನಗೆಪಾಟಲೆಂದು ಹೇಳಿತ್ತೋ ಅದನ್ನೇ ಜನ ದಿನವೂ ಮಾಡುತ್ತಿದ್ದರು.

ಅದಕ್ಕೆಂದು ಸರ್ಕಾರ ಒಬ್ಬ ಪರೀಕ್ಷಕನನ್ನು ಹಣದ ಮೇಜುಗಳ ನಡುವೆ ಕೂರಿಸಿತು. ಬಂದರಾದ ಪಿರೇಯಸ್‌ಗೂ ಇನ್ನೊಬ್ಬ. ಪರೀಕ್ಷಕನೂ ಗುಲಾಮನೇ, ಸಾರ್ವಜನಿಕ ಗುಲಾಮ. ಕೆಲಸಕ್ಕೆ ಕೂರದಿದ್ದರೆ, ಕಾನೂನಿನಂತೆ ಪರೀಕ್ಷಿಸದಿದ್ದರೆ 50 ಛಡಿಯೇಟು. ಅವನು ಸರಿ ಅಂದ ನಾಣ್ಯವನ್ನು ಬೇಡ ಅಂದ ಅಂಗಡಿಯವನ ಆ ದಿನದ ಸರಕೆಲ್ಲ ಜಪ್ತಿ. ಒಳಗೆ ತಾಮ್ರವೋ ಸೀಸವೋ ಇದ್ದರೆ ನಾಣ್ಯವನ್ನು ಅಲ್ಲೇ ಕತ್ತರಿಸಿ ದೇವಮಾತೆಯ ಗುಡಿಗೆ ಸೇರಿಸಬೇಕು.

ಹೊರಗಿನ ಟಂಕಸಾಲೆಯ ಗೂಬೆ ಬಂದರೆ ಏನು ಮಾಡಬೇಕೆಂದೂ ಅದೇ ಕಲ್ಲಿನಲ್ಲಿದೆ. ಆ ಜಾಗದಲ್ಲಿ ಕೆಲವು ಅಕ್ಷರ ಅಳಿಸಿಹೋಗಿವೆ, ವಿದ್ವಾಂಸರು ತುಂಬಿಕೊಂಡು ಓದುತ್ತಾರೆ. ಓದಲು ಸಿಗುವ ಅರ್ಥ ಇಷ್ಟು: ಅಥೆನ್ಸಿನ ಮುದ್ರೆಯೇ ಇರುವ ಪರದೇಶದ ಬೆಳ್ಳಿ ಕೈಗೆ ಬಂದರೆ, ಪರೀಕ್ಷಕ ಅದನ್ನು ತಂದವನಿಗೇ ವಾಪಸು ಕೊಡಬೇಕು. ಗೂಬೆ ತಂದವರು ಯಾರು ಎಂದು ಮುದುಕ ನಾಟಕದಲ್ಲಿ ಕೇಳಿ 39 ವರ್ಷವಾಗಿತ್ತು. ಈಗ ಆ ಪ್ರಶ್ನೆ ಕೇಳುವುದು ಒಬ್ಬ ಗುಲಾಮನ ದಿನಗೂಲಿಯ ಕೆಲಸ, ಕೇಳದಿದ್ದರೆ ಬೆನ್ನಿಗೆ ಏಟು.